ಮುದ್ರಾರಾಕ್ಷಸನನ್ನು ಬಿಟ್ಟುಬಿಡಿ, ಮೇಷ್ಟ್ರೇ

"ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಬೊಲಿವಿಯಾದ ಜನಸಂಖ್ಯೆ 1.13 ಕೋಟಿ, ಅದರಲ್ಲಿ ಮೂಲನಿವಾಸಿಗಳು ಶೇ. 41 ಎಂದು ಅಚ್ಚಾಗಿದೆ. ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ 2001ರ ಗಣತಿಯ ಪ್ರಕಾರ ಶೇ. 62 ಎಂದಿದೆ. ನಿಮ್ಮ 41 ಎಂಬುದು 2012ರದಂತೆ, ಮೊಮ್ಮಗ ಹುಡುಕಿ ಹೇಳಿದ. ಹನ್ನೊಂದು ವರ್ಷದಲ್ಲಿ ಅಷ್ಟು ಜನ ಎಲ್ಲಿ ಹೋದರು? ಮಾರಿ ಬಂತೆ, ಇಲ್ಲ ಮುದ್ರಾರಾಕ್ಷಸನೆ? ಇನ್ನೊಂದು ಮಾತು. ಅಯ್ಮಾರಾ ಭಾಷೆ ಬಿಟ್ಟು, ಪಟ್ಟಣ ಸೇರಿ, ಬಸ್ಸು ಓಡಿಸುವವನು ಇನ್ನೂ ಮೂಲನಿವಾಸಿ ಹೇಗಾದಾನು? ಎಣಿಕೆಗೆ ಒಂದು ಅಳತೆ ಬೇಕು, ಭಾಷೆಗಿಂತ ಒಳ್ಳೆಯ ಅಳತೆ ಇಲ್ಲ. ನಾನೂ 1981, 1991ರಲ್ಲಿ ಗಣತಿ ಮಾಡಿದವನು. ಯಾರು ಏನೆಂದು ಹೀಗೆ ಕೆದಕುತ್ತ ಹೋದರೆ ದೇಶ ಒಡೆಯುತ್ತದೆ."

(ನಿವೃತ್ತ ಗಣಿತ ಮೇಷ್ಟರು, ದಾವಣಗೆರೆ. ಹೆಸರು ಹಾಕಬೇಡಿ ಎಂದಿದ್ದಾರೆ.)

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. 1.13 ಕೋಟಿ ಎಂಬುದು 2024ರ ಗಣತಿಯದು, ಶೇ. 41 ಎಂಬುದು 2012ರದು. ಎರಡನ್ನೂ ಒಂದೇ ಸಾಲಿಗೆ ಹೊಲಿದವನು ನಾನೇ. ಅಷ್ಟಕ್ಕೆ ಕಿವಿ ಹಿಂಡಿ, ಒಪ್ಪುತ್ತೇನೆ. ಆದರೆ ಬಡಪಾಯಿ ಮುದ್ರಾರಾಕ್ಷಸನನ್ನು ಬಿಟ್ಟುಬಿಡಿ. 62 ಕೂಡ ಸರಿ, 41 ಕೂಡ ಸರಿ. ಅಲ್ಲಿಗೆ ಮಾರಿಯೂ ಬಂದಿರಲಿಲ್ಲ. ಆ ಹನ್ನೊಂದು ವರ್ಷದಲ್ಲಿ ದೇಶದ ಜನಸಂಖ್ಯೆ 83 ಲಕ್ಷದಿಂದ ಒಂದು ಕೋಟಿ ದಾಟಿತ್ತು. ಬದಲಾದದ್ದು ಪ್ರಶ್ನೆ.

2001ರಲ್ಲಿ ಹದಿನೈದು ತುಂಬಿದವರನ್ನು ಕೇಳಿದ್ದು ಇಷ್ಟೆ: ಈ ಕೆಳಗಿನ ಮೂಲ ಜನಾಂಗಗಳಲ್ಲಿ ಯಾವುದಕ್ಕಾದರೂ ಸೇರಿದವರು ಎಂದು ನೀವು ಭಾವಿಸುತ್ತೀರಾ? ಕೆಳಗೆ ಕೆಚುವಾ, ಅಯ್ಮಾರಾ, ಗ್ವಾರಾನಿ, ಚಿಕಿಟಾನೊ, ಮೊಹೆನ್ಯೊ, ಇತರೆ, ಯಾವುದೂ ಅಲ್ಲ. ಶೇ. 31ರಷ್ಟು ಮಂದಿ ಕೆಚುವಾ ಎಂದರು, ಶೇ. 25ರಷ್ಟು ಅಯ್ಮಾರಾ. ಉಳಿದ ಸಣ್ಣ ಪಂಗಡಗಳನ್ನು ಕೂಡಿದರೆ ನಿಮ್ಮ 62. 2012ರ ಹೊತ್ತಿಗೆ ಹೊಸ ಸಂವಿಧಾನ ಬಂದಿತ್ತು. ಅದರ ಭಾಷೆಯಲ್ಲೇ ಕೇಳಿದರು: ಬೊಲಿವಿಯಾದ ಪ್ರಜೆಯಾಗಿ ನೀವು ಯಾವುದಾದರೂ 'ಇಂದಿಹೆನಾ ಒರಿಹಿನಾರಿಯೊ ಕಾಂಪೆಸಿನೊ' ಜನಾಂಗಕ್ಕೆ ಸೇರಿದ್ದೀರಾ? ಸ್ಥಳೀಯ, ಮೂಲದ, ರೈತಾಪಿ ಎಂಬ ಮೂರು ಮಾತನ್ನು ನಡುವೆ ಒಂದು ಅಲ್ಪವಿರಾಮವೂ ಇಲ್ಲದೆ ಪೋಣಿಸಿದ ಪದ. ನೀವು ಹೇಳುವ ಆ ಬಸ್ಸಿನ ಚಾಲಕ ಏನು ಹೇಳಬೇಕು? ಅಯ್ಮಾರಾ ಹೌದು, ಆದರೆ ಹೊಲ ಬಿಟ್ಟು ತಲೆಮಾರಾಯಿತು, ರೈತ ಹೇಗಾದಾನು? 'ಇಲ್ಲ' ಎಂದು ಬಾಗಿಲು ಹಾಕಿಕೊಂಡ.

ಆ ಸರಪಳಿಗೆ 'ರೈತ' ಬಂದು ಸೇರಿದ್ದಕ್ಕೂ ಒಂದು ಕತೆಯಿದೆ. 1952ರ ಕ್ರಾಂತಿಗೆ ಮೊದಲು ಲಾ ಪಾಸ್ ನಗರದ ಪ್ಲಾಜಾ ಮುರಿಯೊಗೆ, ಎಂದರೆ ಅಧ್ಯಕ್ಷರ ಅರಮನೆಯೂ ಸಂಸತ್ತೂ ಇರುವ ಚೌಕಕ್ಕೆ, ಇಂಡಿಯನ್ನರು, ಅಂದರೆ ಅಲ್ಲಿನ ಮೂಲನಿವಾಸಿಗಳು, ಕಾಲಿಡುವಂತಿರಲಿಲ್ಲ. ಕ್ರಾಂತಿಯವರು ಎಲ್ಲರಿಗೂ ಮತ ಕೊಟ್ಟರು, ಮರುವರ್ಷ ಭೂಮಿ ಹಂಚಲು ಹೊರಟರು. ಜೊತೆಗೆ 'ಇಂಡಿಯನ್' ಎಂಬ ಮಾತೇ ಅವಮಾನ, ಇನ್ನು ಮುಂದೆ ನೀವೆಲ್ಲ 'ಕಾಂಪೆಸಿನೊ' ಎಂದರು. ಆಗಸ್ಟ್ 2ರ 'ಇಂಡಿಯನ್ನರ ದಿನ' ರೈತರ ದಿನವಾಯಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಇಲ್ಲವೆನ್ನುವುದಿಲ್ಲ. ಆದರೆ ಹೆಸರು ಕಿತ್ತುಕೊಂಡದ್ದು ಕಿತ್ತುಕೊಂಡದ್ದೇ. 1976 ಮತ್ತು 1992ರ ಗಣತಿಗಳಲ್ಲಿ ಜನಾಂಗದ ಪ್ರಶ್ನೆಯೇ ಇಲ್ಲ, ನೀವು ಬಯಸುವಂತೆ ಭಾಷೆಯೊಂದೇ.

ಅದಕ್ಕೂ ಹಿಂದೆ? 1900ರ ಗಣತಿ ವರದಿ ಬರೆದ ಮಹಾಶಯರು ಈ ಜನಾಂಗ ನಿಧಾನವಾಗಿ ಅಳಿಯುತ್ತಿದೆ, ಸ್ವಲ್ಪ ಕಾಲದಲ್ಲಿ ಪೂರ್ತಿ ಇಲ್ಲವಾಗುತ್ತದೆ ಎಂಬರ್ಥದಲ್ಲಿ ಷರಾ ಎಳೆದಿದ್ದರು. ಐವತ್ತು ವರ್ಷ ಬಿಟ್ಟು 1950ರಲ್ಲಿ ಎಣಿಸಿದರೆ 27 ಲಕ್ಷದಲ್ಲಿ 17 ಲಕ್ಷ, ಶೇ. 63. ಎಣಿಸುವವನು ಮುಖ ನೋಡಿ ಬರೆದುಕೊಂಡದ್ದಕ್ಕೆ 63, ಮುಂದೆ ಅರ್ಧ ಶತಮಾನದ ಮೇಲೆ ಅವರವರ ಬಾಯಿಂದಲೇ ಕೇಳಿದ್ದಕ್ಕೆ 62. ಗಣಿತದವರು ನೀವು, ಇದರ ಚೆಂದ ನಿಮಗೆ ಬಿಡಿಸಿ ಹೇಳಬೇಕೆ?

ಭಾಷೆ ಬಿಟ್ಟವನು ಮೂಲನಿವಾಸಿ ಹೇಗೆ ಎಂದಿರಿ. ಎಲ್ ಆಲ್ಟೊ ಎಂಬ ಊರನ್ನು ನೋಡಿ. ಲಾ ಪಾಸ್‌ನ ನೆತ್ತಿಯ ಮೇಲೆ, ನಾಲ್ಕು ಸಾವಿರ ಮೀಟರಿಗೂ ಎತ್ತರದ ಬಯಲಿನಲ್ಲಿ, ಹಳ್ಳಿ ಬಿಟ್ಟು ಬಂದವರೇ ಕಟ್ಟಿಕೊಂಡ ನಗರ. 2012ರ ಎಣಿಕೆಯಲ್ಲಿ ಎಂಟೂವರೆ ಲಕ್ಷ ಜನ. ಅಲ್ಲಿನ ಎಳೆಯರಲ್ಲಿ ಎಷ್ಟೋ ಮಂದಿಗೆ ಅಜ್ಜಿಯ ಅಯ್ಮಾರಾ ಕಿವಿಗೆ ಹತ್ತುತ್ತದೆ, ನಾಲಿಗೆಗೆ ಬರುವುದಿಲ್ಲ. ಆದರೂ 2001ರಲ್ಲಿ ಆ ನಗರದ ಶೇ. 74 ಮಂದಿ ನಾವು ಅಯ್ಮಾರಾ ಎಂದರು. ಎರಡೇ ವರ್ಷಕ್ಕೆ, 2003ರ ಅಕ್ಟೋಬರಿನಲ್ಲಿ, ಅನಿಲ ರಫ್ತಿನ ವಿರುದ್ಧ ಅದೇ ಜನ ರಸ್ತೆ ಕಟ್ಟಿ ಕೂತು ಒಬ್ಬ ಅಧ್ಯಕ್ಷರನ್ನೇ ದೇಶ ಬಿಡಿಸಿದರು. ಶಾಲೆಯಲ್ಲಿ ಬಿಡಿಸಿದ ನುಡಿಯನ್ನು ಮುಂದೆ ಮಾಡಿ, ನುಡಿ ಇಲ್ಲವಲ್ಲ, ಹಾಗಾದರೆ ನೀನು ಅವನಲ್ಲ ಎನ್ನುವುದು ಕಿಸೆ ಕತ್ತರಿಸಿ, ಆಮೇಲೆ ಬಡವ ಎಂದು ಹಂಗಿಸಿದಂತೆ.

ಆಚೆ ಕಡೆಯವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಪಟ್ಟಿಯಲ್ಲಿ 'ಮೆಸ್ಟಿಸೊ', ಅಂದರೆ ಬೆರಕೆ ರಕ್ತದವರು, ಎಂಬ ಆಯ್ಕೆಯೇ ಇರಲಿಲ್ಲ, ಇದ್ದಿದ್ದರೆ 62 ಬರುತ್ತಲೇ ಇರಲಿಲ್ಲ ಎಂಬುದು ಅವರ ದೂರು. ಇರಬಹುದು. ಇನ್ನೊಂದೂ ಇದೆ: 2011ರಲ್ಲಿ ಕಾಡಿನ ಮೂಲಕ ರಸ್ತೆ ಬೇಡವೆಂದು ನಡೆದು ಬರುತ್ತಿದ್ದ ಮೂಲನಿವಾಸಿಗಳ ಮೇಲೆ, ಅಯ್ಮಾರಾ ಅಧ್ಯಕ್ಷ ಎವೊ ಮೊರಾಲೆಸ್ ಆಳ್ವಿಕೆಯಲ್ಲೇ, ಪೊಲೀಸರು ಲಾಠಿ ಬೀಸಿದರು. ಆ ಬೇಸರದಲ್ಲೂ ಕೆಲವರು ಮರುವರ್ಷ 'ಇಲ್ಲ' ಎಂದಿರಬೇಕು ಎಂಬುದು ನನ್ನ ಊಹೆ. ಸರ್ಕಾರದ ಲೆಕ್ಕವೇನೂ ಗಂಗೆಯಲ್ಲಿ ಮಿಂದದ್ದಲ್ಲ. ಅದೇ 2012ರ ಗಣತಿಯಲ್ಲಿ ಮೊದಲು 1,03,89,913 ಎಂದು ಘೋಷಿಸಿ, ಕೆಲವು ತಿಂಗಳು ಬಿಟ್ಟು 1,00,27,254 ಎಂದರು. ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ಕಾಗದದ ಮೇಲೇ ಹುಟ್ಟಿ ಕಾಗದದ ಮೇಲೇ ಹೋದರು! ನನ್ನ ಹೊಲಿಗೆ ತಪ್ಪು ಇದರ ಮುಂದೆ ಯಾವ ಲೆಕ್ಕ?

ಕೆದಕಿದರೆ ದೇಶ ಒಡೆಯುತ್ತದೆ ಎಂದಿರಿ. ಎಣಿಸದಿದ್ದರೆ ಏನಾಗುತ್ತದೆ ಗೊತ್ತೆ? 2022ರಲ್ಲಿ ಆಗಬೇಕಿದ್ದ ಗಣತಿಯನ್ನು ಸರ್ಕಾರ 2024ಕ್ಕೆ ತಳ್ಳಿದಾಗ ಸಾಂತಾ ಕ್ರೂಸ್ ಪ್ರಾಂತ 36 ದಿನ ಬಂದ್ ಮಾಡಿತು. ಜನ ಹೆಚ್ಚಿರುವುದು ಅಲ್ಲಿ. ಸಂಸತ್ತಿನ ಸ್ಥಾನಗಳೂ ತೆರಿಗೆಯ ಪಾಲೂ ತಲೆ ಎಣಿಕೆಯ ಮೇಲೆ ನಿಂತಿವೆ. ನಮ್ಮನ್ನು ಎಣಿಸಿ ಎಂದು ಅಂಗಡಿ ಮುಚ್ಚಿ ಕೂತವರ ಸುದ್ದಿ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ 2021ರದು 2027ಕ್ಕೆ ಹೋಯಿತು, ಒಂದು ಬೀದಿಯಲ್ಲಾದರೂ ಒಬ್ಬ ಕೆಮ್ಮಿದನೆ? ಕ್ಷೇತ್ರ ಮರುವಿಂಗಡಣೆ ಎಂದು ಬೊಬ್ಬೆ ಹಾಕುತ್ತೇವೆ, ಅದಕ್ಕೆ ಬೇಕಾದ ಲೆಕ್ಕದ ಬಗ್ಗೆ ಮಾತಿಲ್ಲ.

ಮಾತೃಭಾಷೆಯ ಕಲಮಿನ ಬಗ್ಗೆ ನಾನು ವರ್ಷಕ್ಕೆರಡು ಸಲ ಗೊಣಗುತ್ತೇನೆ ಎಂದು ನಮ್ಮ ಕಚೇರಿಯ ಹುಡುಗರು ನಗುತ್ತಾರೆ. ನಗಲಿ. ನಮ್ಮ ಮನೆಮಾತು ತುಳು. 1981ರಲ್ಲಿ ಪುತ್ತೂರು ಕಡೆಯ ನಮ್ಮ ಮನೆಗೆ ಗಣತಿಯವರು ಬಂದು ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿದರು. ಅಜ್ಜಿಗೆ ತುಳುವಲ್ಲದೆ ಒಂದಕ್ಷರ ಬೇರೆ ಬಾರದು. ಅವರು ಒಳಗೆ ಇಣುಕಲೂ ಇಲ್ಲ, ಎಲ್ಲರ ಮುಂದೂ 'ಕನ್ನಡ' ಎಂದು ಗೀಚಿಕೊಂಡು ಎದ್ದರು. ಭೋಜಪುರಿಯ ಐದು ಕೋಟಿ ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದರು ಎಂದು ನಾವು ಕನ್ನಡಿಗರು ಆಡಿಕೊಳ್ಳುತ್ತೇವಲ್ಲ, 2011ರ ನಮ್ಮ 4.37 ಕೋಟಿಯೊಳಗೆ ನೀಲಗಿರಿಯ 1.33 ಲಕ್ಷ ಬಡಗರು ಕೂತಿದ್ದಾರೆ. ತಮ್ಮದು ಬೇರೆಯೇ ನುಡಿ ಎನ್ನುವ ಬಡಗರು ಬೇಕಾದಷ್ಟಿದ್ದಾರೆ. ಅವರನ್ನು ಕೇಳಿ ಸೇರಿಸಿಕೊಂಡೆವೆ?

ನೀವು ಎರಡು ಸಲ ಮನೆಮನೆ ಸುತ್ತಿದವರು. ದಾವಣಗೆರೆಯಲ್ಲಿ ಮರಾಠಿ, ಉರ್ದು, ತೆಲುಗು, ಲಂಬಾಣಿ ಆಡುವ ಮನೆಗಳಿಗೆ ಬರವಿಲ್ಲ. ಎಷ್ಟು ಮನೆಯಲ್ಲಿ ಆ ಕಲಮನ್ನು ಓದಿ ಹೇಳಿ ಉತ್ತರಕ್ಕೆ ಕಾದಿರಿ, ಎಷ್ಟು ಮನೆಯಲ್ಲಿ ಬಿಸಿಲಿಗೆ ಬೇಸತ್ತು ನೀವೇ ತುಂಬಿದಿರಿ? ಹೆಸರು ಹಾಕುವುದಿಲ್ಲ, ಹೆದರಬೇಡಿ. ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಬಿಟ್ಟಿರುತ್ತೇನೆ.

— ಸಂಪಾದಕ