ಕಾನೂನು ಬರುವ ತನಕ ತಿಮಿಂಗಿಲ ಕಾಯುತ್ತಾ?

ಮೆಲ್ಬರ್ನ್‌ನಿಂದ ಸಿಟ್ಟಿನಲ್ಲೇ ಬರೆದಿದ್ದೀರಿ. ಆಸ್ಟ್ರೇಲಿಯಾದ ಪರಿಸರ ಕಾನೂನನ್ನೇ ಬದಲಾಯಿಸುತ್ತೇವೆ ಎಂದ ಸರ್ಕಾರ, ಅವಧಿ ಮುಗಿಯುವ ಹಳೇ ನಿಯಮಗಳನ್ನು ಚೂರುಪಾರು ತಿದ್ದಿ ಮತ್ತೆ ಹೊರಡಿಸುವುದೇಕೆ, ಇದು ಕಣ್ಣೊರೆಸುವ ತಂತ್ರ ಅಲ್ವಾ ಎಂಬುದು ನಿಮ್ಮ ಪ್ರಶ್ನೆ.

ಈ ವಿಷಯದಲ್ಲಿ ನಾನು ಸರ್ಕಾರದ ಕಡೆ. ಅಪರೂಪಕ್ಕೆ ಹೀಗೂ ಆಗುತ್ತದೆ.

ಅವಧಿ ಮುಗಿಯುವುದು ಕಾಯ್ದೆಗಲ್ಲ, ಅದರ ಕೆಳಗಿನ ನಿಯಮಗಳಿಗೆ. 1999ರ ಪರಿಸರ ಸಂರಕ್ಷಣೆ ಮತ್ತು ಜೀವವೈವಿಧ್ಯ ಕಾಯ್ದೆಗೆ ಇಂಥ ಗಡುವಿಲ್ಲ. ಆದರೆ ನಿಯಮಗಳಿಗೆ ಇದೆ. ನೋಂದಣಿಯಾಗಿ ಹತ್ತು ವರ್ಷ ತುಂಬಿದ ಮೇಲೆ ಬರುವ ಏಪ್ರಿಲ್ 1ಕ್ಕೋ ಅಕ್ಟೋಬರ್ 1ಕ್ಕೋ ಅವು ತಾವಾಗಿ ಬಿದ್ದುಹೋಗುತ್ತವೆ. ಯಾರೂ ರದ್ದು ಮಾಡಬೇಕಿಲ್ಲ, ಸುಮ್ನೆ ಕೂತರೆ ಸಾಕು. ಗಡುವನ್ನು ಮುಂದೂಡಲು ದಾರಿ ಇದೆ ನಿಜ, ಆದರೆ ಎಷ್ಟು ದಿನ ಅಂತ ಮುಂದೂಡುವುದು?

ಬಿದ್ದುಹೋದರೆ ಏನಾಗುತ್ತದೆ ನೋಡಿ. ತಿಮಿಂಗಿಲವನ್ನು ಕೊಲ್ಲಬಾರದು, ಅದಕ್ಕೆ ತೊಂದರೆ ಕೊಡಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ದೋಣಿ ಎಷ್ಟು ಹತ್ತಿರ ಹೋಗಬಹುದು? ತಿಮಿಂಗಿಲಕ್ಕೆ 100 ಮೀಟರ್, ಡಾಲ್ಫಿನ್‌ಗೆ 50 ಮೀಟರ್, ಜೊತೆಗೆ ಮರಿ ಇದ್ದರೆ ಇನ್ನೂ ದೂರ, ಸಮೀಪದಲ್ಲಿ ವೇಗ 6 ನಾಟ್ (ಗಂಟೆಗೆ ಸುಮಾರು 11 ಕಿ.ಮೀ.) ದಾಟುವಂತಿಲ್ಲ. ಈ ಲೆಕ್ಕವೆಲ್ಲ ಇರುವುದು ನಿಯಮಗಳಲ್ಲಿ. ಅಂಕಿಗಳು ಹೋದರೆ ‘ತೊಂದರೆ’ ಎಂದರೆ ಎಷ್ಟು ಮೀಟರ್ ಎಂದು ಕೋರ್ಟಿನಲ್ಲಿ ಜಗಳ ಆಡಬೇಕು, ಅಷ್ಟರಲ್ಲಿ ದೋಣಿಯವನು ಇನ್ನೂ ನಾಲ್ಕು ಟ್ರಿಪ್ ಹೊಡೆದಿರುತ್ತಾನೆ. ಕಾಕಡುವಿನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಎಲ್ಲಿ ಟೆಂಟ್ ಹಾಕಬಹುದು, ಎಲ್ಲಿ ಬೆಂಕಿ ಹೊತ್ತಿಸಬಹುದು ಎನ್ನುವುದೂ ಹೀಗೇ.

‘ಹೊಸ ಕಾನೂನು ಬರುವ ತನಕ ಕಾಯಬಹುದಿತ್ತಲ್ಲ’ ಅಂದಿದ್ದೀರಿ. ಕಾಯ್ದೆಯ ಸ್ವತಂತ್ರ ಪರಿಶೀಲನೆ ನಡೆಸಿದ ಗ್ರೇಮ್ ಸ್ಯಾಮ್ಯುಯೆಲ್ ಅವರು ಇದು ಕೆಲಸಕ್ಕೆ ಬರುತ್ತಿಲ್ಲ ಎಂದು ವರದಿ ಕೊಟ್ಟಿದ್ದು 2020ರ ಅಕ್ಟೋಬರ್‌ನಲ್ಲಿ. ಸುಧಾರಣೆ ಸಂಸತ್ತಿನಲ್ಲಿ ಪಾಸಾಗಿದ್ದು 2025ರ ನವೆಂಬರ್‌ನಲ್ಲಿ. ಐದು ವರ್ಷ! ನಡುವೆ ಸರ್ಕಾರವೇ ಬದಲಾಯಿತು. ಪಾಸಾದ ಮೇಲೂ ಅದಕ್ಕೆ ತಕ್ಕ ನಿಯಮ ಬರೆಯುವ ಕೆಲಸ ಇದ್ದೇ ಇರುತ್ತದೆ.

ಆದರೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಗಡುವು ಇಟ್ಟಿದ್ದೇ ಹಳೇ ನಿಯಮ ಇನ್ನೂ ಬೇಕಾ, ಅಂಕಿಗಳು ಇವತ್ತಿಗೂ ಸರಿ ಇವೆಯಾ ಎಂದು ಕೂತು ನೋಡಲಿ ಅಂತ. ‘ಹೇಗೂ ದೊಡ್ಡ ಸುಧಾರಣೆ ಬರುತ್ತೆ’ ಎಂಬ ನೆಪದಲ್ಲಿ ಆ ಕೆಲಸ ತಪ್ಪಿಸಿಕೊಂಡು ನಕಲು ಹೊಡೆಯುವುದು ಸುಲಭ. ನನಗೆ ಜಾಸ್ತಿ ಚಿಂತೆ ಇರುವುದು ಇನ್ನೊಂದು: ತಾತ್ಕಾಲಿಕ ಎಂದು ಹೊರಡಿಸಿದ ನಿಯಮಕ್ಕೂ ಮತ್ತೆ ಹತ್ತು ವರ್ಷ ಆಯಸ್ಸು ಸಿಗುತ್ತದೆ. ಸುಧಾರಣೆಗೆ ತಕ್ಕ ಹೊಸ ನಿಯಮ ತಡವಾದರೆ ಕೇಳುವವರೇ ಇರುವುದಿಲ್ಲ.

ಹಾಗಾಗಿ ಹೊರಡಿಸಿದ್ದಕ್ಕೆ ಬೈಯಬೇಡಿ, ಒಳಗೆ ಏನಿದೆ ಅಂತ ಓದಿ ಬೈಯಿರಿ. ಹೊಸ ನಿಯಮಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಇಟ್ಟ ಮೇಲೆ ಕಲಾಪ ನಡೆಯುವ 15 ದಿನಗಳೊಳಗೆ ಯಾವ ಸದಸ್ಯರಾದರೂ ಅದನ್ನು ತಳ್ಳಿಹಾಕಲು ನೋಟಿಸ್ ಕೊಡಬಹುದು. ನಮಗೆ ಬರೆದ ಇದೇ ಪತ್ರವನ್ನು, ಸ್ವಲ್ಪ ಸಿಟ್ಟು ಕಡಿಮೆ ಮಾಡಿ, ನಿಮ್ಮ ಸೆನೆಟರ್‌ಗೆ ಆಗ ಕಳಿಸಿ.

– ಸಂ.