ಗುರ್ರೆನ್ನುವುದನ್ನು ಬಿಟ್ಟ ನಾಯಿ ಸದ್ದಿಲ್ಲದೆ ಕಚ್ಚಿತೇಕೆ?

ಪ್ರಶ್ನೆ: ಬದಿಯಡ್ಕದ ಸಮೀಪ ನಮ್ಮ ಅಡಿಕೆ ತೋಟದ ಮನೆ. 7 ವರ್ಷದ ಊರ ನಾಯಿಯನ್ನು ಹಗಲು ಹಟ್ಟಿಯ ಬಳಿ ಕಟ್ಟಿ, ರಾತ್ರಿ ಬಿಡುತ್ತೇವೆ. ಎರಡು ತಿಂಗಳಿಂದ ಅದು ಉಣ್ಣುವಾಗ ಯಾರಾದರೂ ಹತ್ತಿರ ಹೋದರೆ ಗುರ್ರೆನ್ನುತ್ತಿತ್ತು. ಕೋಲಿನಿಂದ ಹೊಡೆದ ಮೇಲೆ ಗುರ್ರೆನ್ನುವುದು ನಿಂತಿತು. ಆದರೆ ಮೊನ್ನೆ ತಟ್ಟೆ ಸರಿಸಲು ಹೋದ ಮಗನ ಕೈಗೆ ಸದ್ದಿಲ್ಲದೆ ಕಚ್ಚಿತು. ಮನೆಯಲ್ಲಿ 4 ವರ್ಷದ ಮೊಮ್ಮಗಳಿದ್ದಾಳೆ. ದೂರ ಎಲ್ಲಾದರೂ ಬಿಟ್ಟುಬರೋಣ ಎನ್ನುತ್ತಾನೆ ಮಗ. ಏನು ಮಾಡಲಿ?

ಉತ್ತರ: ಮೊದಲು ಮಗನ ಕೈಯ ವಿಷಯ. ನಾಯಿ ಕಚ್ಚಿದ ಗಾಯವನ್ನು ಆ ಕೂಡಲೇ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅವರು ಇನ್ನೂ ಆಸ್ಪತ್ರೆಗೆ ಹೋಗಿಲ್ಲವಾದರೆ ಇಂದೇ ಹೋಗಲಿ. ಸಾಕಿದ ನಾಯಿ, ಲಸಿಕೆ ಹಾಕಿಸಿದ್ದೇವೆ ಎಂಬ ಧೈರ್ಯದಿಂದ ಸುಮ್ಮನಿರಬಾರದು. ರೇಬಿಸ್ (ಹುಚ್ಚುನಾಯಿ ರೋಗ) ಲಕ್ಷಣ ಕಾಣುತ್ತದೆಯೇ ಎಂದು ಕಚ್ಚಿದ ದಿನದಿಂದ 10 ದಿನ ನಾಯಿಯ ಮೇಲೆ ಕಣ್ಣಿಟ್ಟಿರಬೇಕಾದುದರಿಂದ, ಅದನ್ನು ಬಿಟ್ಟುಬರುವ ಯೋಚನೆ ಈಗಂತೂ ಬೇಡವೇ ಬೇಡ.

ಗುರ್ರೆನ್ನುವುದು ದುಷ್ಟತನವಲ್ಲ, ಕಚ್ಚುವ ಮೊದಲು ನಾಯಿ ಕೊಡುವ ಎಚ್ಚರಿಕೆ. ಹೊಡೆತದಿಂದ ನಿಂತದ್ದು ಆ ಎಚ್ಚರಿಕೆ ಮಾತ್ರ, ಅದರ ಹಿಂದಿದ್ದ ಭಯ ಹಾಗೆಯೇ ಉಳಿಯಿತು. ಹತ್ತಿರ ಬರುವವರ ಕೈಯಲ್ಲಿ ಕೋಲಿರುತ್ತದೆ ಎಂಬ ಹೊಸ ಭಯವೂ ಅದಕ್ಕೆ ಸೇರಿಕೊಂಡಿತು. ಇನ್ನು ಮುಂದೆ ಗಮನವಿಟ್ಟು ನೋಡಿ: ನೀವು ಸಮೀಪಿಸಿದಾಗ ಅದು ಉಣ್ಣುವುದನ್ನು ನಿಲ್ಲಿಸಿ, ತಲೆ ಎತ್ತದೆ, ಮೈಯನ್ನು ಮರದಂತೆ ಬಿಗಿಹಿಡಿದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಬಹುದು. ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ.

ಇಷ್ಟು ವರ್ಷ ಸೌಮ್ಯವಾಗಿದ್ದ ನಾಯಿ ಈ ವಯಸ್ಸಿನಲ್ಲಿ ಬದಲಾಯಿತೆಂದರೆ ನಾನು ಮೊದಲು ಹುಡುಕುವುದು ನೋವನ್ನು. ಸಂಧಿವಾತ, ಹಲ್ಲಿನ ಹುಳುಕು, ನಮ್ಮ ಮಳೆಗಾಲದ ತೇವದಲ್ಲಿ ಕೀವು ತುಂಬುವ ಕಿವಿ, ತೋಟದ ಉಣ್ಣಿಗಳಿಂದ ಬರುವ ಜ್ವರ, ಇವುಗಳಲ್ಲಿ ಯಾವುದಿದ್ದರೂ ನಾಯಿಯ ಸಹನೆ ಕುಗ್ಗುತ್ತದೆ. ಮೃಗವೈದ್ಯರಿಂದ ಪರೀಕ್ಷೆ ಮಾಡಿಸಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಐಬುಪ್ರೊಫೆನ್‌ನಂಥವು ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ ಮಾಡುತ್ತವೆ.

ತಟ್ಟೆಯನ್ನು ಜನ ಓಡಾಡದ ಮೂಲೆಯಲ್ಲಿಡಿ, ಉಂಡು ಮುಗಿಸಿ ದೂರ ಸರಿದ ಮೇಲಷ್ಟೇ ತೆಗೆಯಿರಿ. ಕೆಲವು ದಿನ ಕಳೆದ ಬಳಿಕ, ಅದು ನಿಶ್ಚಿಂತೆಯಿಂದ ಉಣ್ಣುವಷ್ಟು ದೂರದಲ್ಲಿ ನಿಂತು, ಒಣಮೀನಿನ ಚೂರೊಂದನ್ನು ಅದರತ್ತ ಎಸೆದು ಹಿಂದೆ ಬನ್ನಿ. ಮನುಷ್ಯ ಬಂದರೆ ಕಸಿಯುವುದಿಲ್ಲ, ಕೊಡುತ್ತಾನೆ ಎಂದು ಅದಕ್ಕೆ ಮನವರಿಕೆಯಾಗಲು ವಾರಗಳೇ ಬೇಕು. ದಿನವಿಡೀ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಹೆದರಿದಾಗ ಸರಿದುಹೋಗಲು ದಾರಿಯಿರುವುದಿಲ್ಲ; ಬೇಲಿ ಹಾಕಿದ ಸ್ವಲ್ಪ ಜಾಗವಾದರೂ ಬೇಕು. ಸಂತಾನಹರಣ ಮಾಡಿಸಿದರೆ ಸರಿಹೋದೀತೆಂದು ಹಲವರು ಹೇಳುತ್ತಾರೆ, ಆದರೆ ಭಯದಿಂದ ಕಚ್ಚುವ ನಾಯಿಗೆ ಅದೊಂದೇ ಪರಿಹಾರವಲ್ಲ.

ನಾಯಿಯನ್ನು ದೂರ ಬಿಟ್ಟುಬಂದರೆ ಕಡಿತದ ಅಪಾಯ ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ, ಅಷ್ಟೆ. ಅಲ್ಲದೆ, ಸಾಕಿದ ಪ್ರಾಣಿಯನ್ನು ಹಾಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊಮ್ಮಗಳ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ: ಅವಳಿಗೂ ನಾಯಿಗೂ ನಡುವೆ ಮುಚ್ಚಿದ ಗೇಟು ಇರಬೇಕು, ಇಲ್ಲವೇ ನಾಯಿಯ ಬೆಲ್ಟು ಹಿಡಿದ ಹಿರಿಯರೊಬ್ಬರಿರಬೇಕು.