ನಿಮ್ಮ ಯುಪ್ ಹೈಂಕೆಸ್ ಲೇಖನ ಓದಿದೆ

ನಮಸ್ಕಾರ.

ನೀವು ಕಳಿಸಿದ ‘ಸೋಲೇ ಕಾಣದ ಕೋಚ್’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕುವುದಕ್ಕೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಕೊನೆವರೆಗೂ ಕಾಯಿಸುವುದು ಬೇಡ. ಆದರೆ ಕೈಬಿಡಿ ಅಂತ ಹೇಳುತ್ತಿಲ್ಲ. ಕನ್ನಡದಲ್ಲಿ ಫುಟ್‌ಬಾಲ್ ಬಗ್ಗೆ ಬರೆಯುವವರೇ ಕಡಿಮೆ, ಅದರಲ್ಲೂ ಮೆಸ್ಸಿ, ರೊನಾಲ್ಡೊ ದಾಟಿ ಆಚೆ ಹೋಗುವವರು ಇನ್ನೂ ಕಡಿಮೆ. ನೀವು ಎಪ್ಪತ್ತರ ದಶಕದ ಜರ್ಮನ್ ಸ್ಟ್ರೈಕರ್ ಒಬ್ಬರನ್ನು, ಆಮೇಲೆ ನಾಲ್ಕು ದಶಕ ಕೋಚ್ ಆಗಿ ದುಡಿದವರನ್ನು ಆರಿಸಿಕೊಂಡಿದ್ದೀರಿ. ಆ ಆಯ್ಕೆ ನನಗೆ ತುಂಬಾ ಇಷ್ಟವಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ತಕರಾರು ತಲೆಬರಹದ್ದೇ. ಹೈಂಕೆಸ್ ಸೋಲು ಕಾಣದವರಲ್ಲ. ಕೂದಲೆಳೆ ಅಂತರದಲ್ಲಿ ಮತ್ತೆ ಮತ್ತೆ ಸೋತವರು. ಅವರ ಕಥೆಯ ಜೀವ ಇರುವುದೇ ಅಲ್ಲಿ, ಮತ್ತು ನಿಮ್ಮ ಲೇಖನದಲ್ಲಿ ಇಲ್ಲದಿರುವುದೂ ಅದೇ.

‘ಆಟಗಾರನಾಗಿ’ ಅಂತ ಒಂದು ಭಾಗ, ‘ಕೋಚ್ ಆಗಿ’ ಅಂತ ಇನ್ನೊಂದು ಭಾಗ ಮಾಡಿದ್ದೀರಿ. ಮೊದಲನೆಯದರಲ್ಲಿ ಬುಂಡೆಸ್‌ಲಿಗಾದಲ್ಲಿ (ಜರ್ಮನಿಯ ಮೊದಲ ದರ್ಜೆಯ ಲೀಗ್) 369 ಪಂದ್ಯ, 220 ಗೋಲು, ಗ್ಲಾಡ್‌ಬಾಖ್ ಕ್ಲಬ್ ಜೊತೆ 1971, 1975, 1976, 1977ರ ಲೀಗ್ ಪಟ್ಟ. ಎರಡನೆಯದರಲ್ಲಿ ಕ್ಲಬ್‌ಗಳ ಹೆಸರು, ಕಪ್‌ಗಳ ಹೆಸರು, ಇಸವಿ. ಅಂಕಿ ಅಂಶ ಸರಿಯಾಗಿಯೇ ಇದೆ. ಆದರೆ ಓದುತ್ತಾ ಮದುವೆ ಮನೆಯ ಮುಯ್ಯಿ ಪಟ್ಟಿ ಕೇಳಿದ ಹಾಗಾಯಿತು. ಎರಡು ಭಾಗಗಳ ನಡುವೆ ಆ ಮನುಷ್ಯ ಎಲ್ಲಿ ಹೋದರು? ಗೋಲು ಹೊಡೆದವರೂ ಆಮೇಲೆ ಬೆಂಚಿನ ಮೇಲೆ ಕೂತವರೂ ಒಬ್ಬರೇ ಅಂತ ಓದುಗರಿಗೆ ಅನ್ನಿಸಬೇಕು.

ಅದನ್ನು ಅನ್ನಿಸುವ ಹಾಗೆ ಮಾಡುವುದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಕೈಯಲ್ಲೇ ಇತ್ತು. 29 ಏಪ್ರಿಲ್ 1978ಕ್ಕೆ ನೀವು ಒಂದೇ ಒಂದು ಸಾಲು ಕೊಟ್ಟಿದ್ದೀರಿ: ‘ತಮ್ಮ ಕೊನೆಯ ಲೀಗ್ ಪಂದ್ಯದಲ್ಲಿ 5 ಗೋಲು ಸಿಡಿಸಿ ಮೆರೆದರು.’ ಅಷ್ಟೇನಾ? ಆ ದಿನ ನಡೆದದ್ದನ್ನು ನೆನಪು ಮಾಡಿಕೊಳ್ಳಿ. ಲೀಗ್‌ನ ಕೊನೆಯ ಸುತ್ತು, ಗ್ಲಾಡ್‌ಬಾಖ್ ಮತ್ತು ಕೊಲೋನ್ ಅಂಕದಲ್ಲಿ ಸಮ, ಆದರೆ ಗೋಲು ವ್ಯತ್ಯಾಸದಲ್ಲಿ, ಅಂದ್ರೆ ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದ ಲೆಕ್ಕದಲ್ಲಿ, ಕೊಲೋನ್ 10 ಗೋಲು ಮುಂದೆ. ಡಾರ್ಟ್‌ಮಂಡ್ ಎದುರಿನ ಪಂದ್ಯ ಗ್ಲಾಡ್‌ಬಾಖ್‌ನ ಸ್ವಂತ ಮೈದಾನದಲ್ಲೂ ಅಲ್ಲ, ಡ್ಯೂಸೆಲ್‌ಡಾರ್ಫ್‌ನಲ್ಲಿ. ಮೊದಲ ನಿಮಿಷದಲ್ಲೇ ಹೈಂಕೆಸ್ ಗೋಲು. ವಿರಾಮದ ಹೊತ್ತಿಗೆ 6-0. ಮುಗಿದಾಗ 12-0, ಬುಂಡೆಸ್‌ಲಿಗಾದ ಅತಿ ದೊಡ್ಡ ಗೆಲುವು. ಆದರೂ ಪಟ್ಟ ಸಿಗಲಿಲ್ಲ, ಯಾಕಂದ್ರೆ ಆ ಕಡೆ ಕೊಲೋನ್ ಸೇಂಟ್ ಪೌಲಿಯನ್ನು 5-0ಯಿಂದ ಸೋಲಿಸಿಬಿಟ್ಟಿತು. ಎಲ್ಲ ಲೆಕ್ಕ ಮುಗಿದಾಗ ಬಾಕಿ ಉಳಿದದ್ದು 3 ಗೋಲುಗಳ ಕೊರತೆ. 5 ಗೋಲು ಹೊಡೆದ ಮನುಷ್ಯ ಆಟಗಾರನಾಗಿ ಲೀಗ್‌ನಿಂದ ಹೊರಗೆ ನಡೆದದ್ದು ಎರಡನೇ ಸ್ಥಾನದೊಂದಿಗೆ. ಇದರಲ್ಲಿ ‘ಮೆರೆಯುವುದು’ ಎಲ್ಲಿಂದ ಬಂತು? (ಅವತ್ತು 12 ಗೋಲು ತಿಂದ ಡಾರ್ಟ್‌ಮಂಡ್‌ನ ಕೋಚ್ ಓಟೋ ರೇಹಾಗೆಲ್. ಮರುದಿನವೇ ಅವರ ಕೆಲಸ ಹೋಯಿತು. 2004ರಲ್ಲಿ ಗ್ರೀಸ್‌ಗೆ ಯೂರೋ ಕಪ್ ಗೆದ್ದುಕೊಟ್ಟವರೂ ಅವರೇ. ಅದು ಇನ್ನೊಂದು ಲೇಖನ, ಬೇಕಾದ್ರೆ ನೀವೇ ಬರೆಯಿರಿ.)

ಈಗ 1984ಕ್ಕೆ ಬನ್ನಿ. ಹೈಂಕೆಸ್ ಅದೇ ಗ್ಲಾಡ್‌ಬಾಖ್‌ನ ಕೋಚ್. ಲೀಗ್ ಮುಗಿದಾಗ ಸ್ಟುಟ್‌ಗಾರ್ಟ್, ಹ್ಯಾಂಬರ್ಗ್, ಗ್ಲಾಡ್‌ಬಾಖ್ ಮೂರಕ್ಕೂ 48 ಅಂಕ. ಮತ್ತೆ ಗೋಲು ವ್ಯತ್ಯಾಸ. ಈ ಸಲ ಮೂರನೇ ಸ್ಥಾನ. ಅದೇ ಸೀಸನ್‌ನ ಜರ್ಮನ್ ಕಪ್ ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು, ಅದರಲ್ಲೂ ಪೆನಾಲ್ಟಿ ಕೈಚೆಲ್ಲಿದವರಲ್ಲಿ ಒಬ್ಬರು ಲೋಥರ್ ಮ್ಯಾಥಾಯಸ್, ಮುಂದಿನ ಸೀಸನ್‌ಗೆ ಬಯರ್ನ್ ಸೇರುವುದು ಆಗಲೇ ಗೊತ್ತಾಗಿದ್ದ ಆಟಗಾರ. ಆಡುವಾಗ ಹೇಗೆ ಸೋತರೋ ಕೋಚ್ ಆದ ಮೇಲೂ ಹಾಗೇ ಸೋತರು. 1978 ಮತ್ತು 1984 ಪಕ್ಕ ಪಕ್ಕ ಇಟ್ಟರೆ ನಿಮ್ಮ ಎರಡು ಭಾಗಗಳು ತಾವಾಗಿಯೇ ಕೂಡಿಕೊಳ್ಳುತ್ತವೆ, ಉಪಶೀರ್ಷಿಕೆಯೇ ಬೇಡ. ನಿಮ್ಮ ಲೇಖನದಲ್ಲಿ 1984 ಇಲ್ಲವೇ ಇಲ್ಲ. ಕಪ್ ಸಿಗಲಿಲ್ಲ ಅಂತ ಬಿಟ್ಟಿರಿ, ಅಲ್ವಾ?

ಇದೇ ಕಾರಣಕ್ಕೆ 2012 ಕೂಡ ಅರ್ಧ ವಾಕ್ಯದಲ್ಲಿ ಮುಗಿದಿದೆ: ‘ಫೈನಲ್‌ನಲ್ಲಿ ಎಡವಿದರೂ ಛಲ ಬಿಡದೆ’. ನನ್ನ ಪ್ರಕಾರ ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ. ಹೈಂಕೆಸ್ ಕೋಚ್ ಆಗಿದ್ದ ಬಯರ್ನ್ ಆ ವರ್ಷ ಲೀಗ್‌ನಲ್ಲಿ ಎರಡನೆಯದು. ಜರ್ಮನ್ ಕಪ್ ಫೈನಲ್‌ನಲ್ಲಿ ಡಾರ್ಟ್‌ಮಂಡ್ ಎದುರು 5-2 ಸೋಲು. ಒಂದು ವಾರದ ನಂತರ, ಮೇ 19ರಂದು, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಫೈನಲ್ ಅವರದೇ ಮ್ಯೂನಿಕ್ ಮೈದಾನದಲ್ಲಿ, ಚೆಲ್ಸೀ ಎದುರು. ಬಯರ್ನ್‌ಗೆ ಸಿಕ್ಕಿದ್ದು 20 ಕಾರ್ನರ್, ಚೆಲ್ಸೀಗೆ ಸಿಕ್ಕಿದ್ದು ಒಂದೇ ಒಂದು. 83ನೇ ನಿಮಿಷದಲ್ಲಿ ಮ್ಯುಲರ್ ಗೋಲು ಹೊಡೆದರು. 88ನೇ ನಿಮಿಷದಲ್ಲಿ ಆ ಒಂದೇ ಕಾರ್ನರ್‌ಗೆ ಡ್ರೋಗ್ಬಾ ತಲೆ ಕೊಟ್ಟು ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಬಯರ್ನ್‌ನ ರಾಬೆನ್ ಹೊಡೆದ ಪೆನಾಲ್ಟಿಯನ್ನು ಚೆಲ್ಸೀ ಗೋಲ್‌ಕೀಪರ್ ಚೆಕ್ ಹಿಡಿದರು. ಶೂಟೌಟ್‌ನಲ್ಲಿ ಬಯರ್ನ್‌ನ ಮೂರನೇ ಕಿಕ್ ಹೊಡೆಯಲು ಬಂದವರು ಗೋಲ್‌ಕೀಪರ್ ನೋಯರ್. ಇದನ್ನು ಗಮನಿಸಿ. ಹೊರಗೆ ಓಡಾಡಿ ಆಡುವ ಇಷ್ಟು ಜನ ಇರುವಾಗ ಗೋಲ್‌ಕೀಪರ್ ಬಂದು ಮೂರನೇ ಕಿಕ್ ಹೊಡೆಯುತ್ತಾರೆ ಅಂದ್ರೆ ಆ ತಂಡದ ಮನಸ್ಸಿನ ಸ್ಥಿತಿ ಏನಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ನೀವು ‘ಆಘಾತ’, ‘ಹೃದಯ ಒಡೆಯಿತು’ ಅಂತೆಲ್ಲ ಬರೆಯುವ ಬದಲು ಇದೊಂದು ಸಂಗತಿ ಬರೆಯಿರಿ.

ಆಮೇಲೆ ಆ ಬೇಸಿಗೆಯಲ್ಲಿ ಏನು ಮಾಡಿದರು? ‘ತಂಡವನ್ನು ಮರುಕಟ್ಟಿದರು’ ಅಂತ ಬರೆದರೆ ಓದುಗರಿಗೆ ಏನೂ ಸಿಗುವುದಿಲ್ಲ. ಅತ್ಲೆಟಿಕ್ ಬಿಲ್ಬಾವೋದಿಂದ ಹಾವಿ ಮಾರ್ಟಿನೆಸ್ ಬಂದರು, 40 ಮಿಲಿಯನ್ ಯೂರೋ, ಆಗ ಬುಂಡೆಸ್‌ಲಿಗಾದ ಅತಿ ದುಬಾರಿ ಖರೀದಿ. ಗ್ಲಾಡ್‌ಬಾಖ್‌ನಿಂದ ದಾಂತೆ ಬಂದರು. ಎರಡೂ ಹೈಂಕೆಸ್ ಕೆಲಸ ಮಾಡಿದ ಕ್ಲಬ್‌ಗಳು, ಬಿಲ್ಬಾವೋದಲ್ಲಂತೂ ಎರಡು ಸಲ ಕೋಚ್ ಆಗಿದ್ದವರು. ನೀವು ಪಟ್ಟಿಯಲ್ಲಿ ಸುಮ್ನೆ ಬರೆದು ಹೋದ ಆ ಬಿಲ್ಬಾವೋ ವರ್ಷಗಳನ್ನು ಇಲ್ಲಿ ತಂದು ಜೋಡಿಸಿ. 2013ರ ಜನವರಿಯಲ್ಲಿ, ಬೇಸಿಗೆಯಿಂದ ಗ್ವಾರ್ಡಿಯೋಲಾ ಬರುತ್ತಾರೆ ಅಂತ ಕ್ಲಬ್ ಪ್ರಕಟಿಸಿತು. ತನ್ನ ಜಾಗಕ್ಕೆ ಬೇರೆಯವರು ಬರುವುದು ಗೊತ್ತಿದ್ದೂ 67 ವರ್ಷದ ಕೋಚ್ ಆ ತಂಡದಿಂದ 91 ಅಂಕ ತೆಗೆಸಿದರು. ಬಾರ್ಸಿಲೋನಾವನ್ನು ಎರಡು ಪಂದ್ಯ ಸೇರಿ 7-0ಯಿಂದ ಸೋಲಿಸಿದರು. ವೆಂಬ್ಲಿಯಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 89ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದವರು ಹಿಂದಿನ ವರ್ಷ ಪೆನಾಲ್ಟಿ ಕೈಚೆಲ್ಲಿದ ಅದೇ ರಾಬೆನ್. ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರರಲ್ಲೂ ಎರಡನೆಯದಾಗಿದ್ದ ತಂಡ ಒಂದೇ ವರ್ಷದಲ್ಲಿ ಮೂರನ್ನೂ ಗೆದ್ದಿತು, ಹಾಗೆ ಗೆದ್ದ ಮೊದಲ ಜರ್ಮನ್ ತಂಡ. ಇಷ್ಟು ಹೇಳಿದರೆ ‘ಅಪ್ರತಿಮ’, ‘ಅದ್ವಿತೀಯ’, ‘ದಂತಕಥೆ’ ಯಾವುದೂ ಬೇಡ. ನಿಮ್ಮ ಲೇಖನದಲ್ಲಿ ಇಂಥ ಮಾತು ವಿಪರೀತ ಜಾಸ್ತಿ ಇವೆ, ಎಲ್ಲವನ್ನೂ ತೆಗೆಯಿರಿ.

ಇನ್ನೊಂದು. ನಿಮ್ಮ ಹೈಂಕೆಸ್ ಮೊದಲಿನಿಂದ ಕೊನೆವರೆಗೆ ಶಾಂತಮೂರ್ತಿ. ಹಾಗಿರಲಿಲ್ಲ. ಸಿಟ್ಟು ಬಂದರೆ ಮುಖ ಕೆಂಪಾಗುತ್ತಿತ್ತು, ಅದಕ್ಕೆ ಜನ ಬಲ್ಬ್ ಕಂಪನಿಯ ಹೆಸರಿನಲ್ಲಿ ‘ಓಸ್ರಾಮ್’ ಅಂತಲೇ ಕರೆಯುತ್ತಿದ್ದರು. 1994ರ ಕೊನೆಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕೋಚ್ ಆಗಿದ್ದಾಗ ಹೆಚ್ಚುವರಿ ಓಟದ ಅಭ್ಯಾಸದ ವಿಷಯಕ್ಕೆ ಯೆಬೋವಾ, ಒಕೋಚಾ, ಗೌಡಿನೋ ಜೊತೆ ಜಗಳವಾಗಿ ಮೂವರನ್ನೂ ಹೊರಗಿಟ್ಟರು. ತಂಡದ ಅತಿ ಒಳ್ಳೆ ಆಟಗಾರರು ಅವರು. ಕೆಲವೇ ತಿಂಗಳಲ್ಲಿ ಹೈಂಕೆಸ್ ಅವರೂ ಕ್ಲಬ್ ಬಿಟ್ಟರು. ಇದನ್ನು ಮುಚ್ಚಿಡಬೇಡಿ. ಫ್ರಾಂಕ್‌ಫರ್ಟ್‌ನಲ್ಲಿ ಮೂವರು ತಾರೆಯರನ್ನು ನಿಭಾಯಿಸಲಾಗದವರು ಮ್ಯೂನಿಕ್‌ನಲ್ಲಿ ರಾಬೆನ್, ರಿಬೆರಿ ಇಬ್ಬರನ್ನೂ ಹಿಂದಕ್ಕೆ ಓಡಿ ಡಿಫೆನ್ಸ್ ಮಾಡುವ ಹಾಗೆ ಒಪ್ಪಿಸಿದರು. ನಡುವಿನ 18 ವರ್ಷದಲ್ಲಿ ಒಬ್ಬ ಮನುಷ್ಯ ಬದಲಾಗಿದ್ದಾರೆ, ಅದನ್ನು ತೋರಿಸಿ. ಕೆಲಸ ಕಳೆದುಕೊಂಡ ಸಂಗತಿಗಳೂ ಬರಲಿ. 1991ರಲ್ಲಿ ಬಯರ್ನ್ ಅವರನ್ನು ತೆಗೆದುಹಾಕಿತು, ಅದು ತನ್ನ ಅತಿ ದೊಡ್ಡ ತಪ್ಪು ಅಂತ ಆಗ ಕ್ಲಬ್‌ನ ಮ್ಯಾನೇಜರ್ ಆಗಿದ್ದ ಊಲಿ ಹೋನೆಸ್ ಆಮೇಲೆ ಬಹಿರಂಗವಾಗಿಯೇ ಹೇಳಿದರು. 1998ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 32 ವರ್ಷದ ನಂತರ ಯುರೋಪಿನ ಕಪ್ ತಂದುಕೊಟ್ಟರು, ಆದರೂ ಲೀಗ್‌ನಲ್ಲಿ ನಾಲ್ಕನೇ ಸ್ಥಾನ ಬಂತು ಅಂತ ಅಲ್ಲೂ ಉಳಿಯಲಿಲ್ಲ.

1974ರ ಸಾಲನ್ನು ತಿದ್ದಲೇಬೇಕು. ‘ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟರು’ ಅಂತ ಬರೆದಿದ್ದೀರಿ. ಗೆದ್ದ ತಂಡದಲ್ಲಿ ಇದ್ದರು ನಿಜ, ಆದರೆ ಆಡಿದ್ದು ಮೊದಲ ಎರಡು ಪಂದ್ಯ ಮಾತ್ರ. ಆಮೇಲೆ ಗಾಯ. ಫೈನಲ್ ಆಡಿಲ್ಲ. ಇಂಥ ಒಂದು ಸಾಲು ಸಾಕು, ಆಟ ಬಲ್ಲ ಓದುಗರು ಉಳಿದದ್ದನ್ನೂ ನಂಬುವುದಿಲ್ಲ. 1972ರ ಯೂರೋ ಫೈನಲ್ ಆಡಿದ್ದಾರೆ, ಅದನ್ನು ಧಾರಾಳವಾಗಿ ಬರೆಯಿರಿ.

ಬಾಲ್ಯದ ಮೂರು ಪ್ಯಾರಾವನ್ನು ಎರಡು ಸಾಲಿಗೆ ಇಳಿಸಿ. ಅಪ್ಪ ಕಮ್ಮಾರ, ಮನೆ ತುಂಬ ಮಕ್ಕಳು, ಹೈಂಕೆಸ್ ಗೋಡೆಗೆ ಗಾರೆ ಮಾಡುವ ಕೆಲಸ ಕಲಿತವರು. ಇಷ್ಟು ಸಾಕು. ಉಳಿದ ಜಾಗವನ್ನು ದಿಲ್ಲಿಗೆ ಕೊಡಿ. 2012ರ ಜನವರಿ 10ರಂದು ನೆಹರು ಸ್ಟೇಡಿಯಂನಲ್ಲಿ ಬೈಚುಂಗ್ ಭುಟಿಯಾ ಅವರ ವಿದಾಯ ಪಂದ್ಯಕ್ಕೆ ಬಂದಿದ್ದು ಹೈಂಕೆಸ್ ಅವರ ಇದೇ ಬಯರ್ನ್, ಭಾರತದ ಎದುರು 4-0 ಗೆದ್ದ ತಂಡ. ಮ್ಯೂನಿಕ್‌ನ ಆ ಫೈನಲ್‌ಗೆ ಆಗ ನಾಲ್ಕೇ ತಿಂಗಳು ಬಾಕಿ. ನಮ್ಮ ಓದುಗರಲ್ಲಿ ಆ ಪಂದ್ಯವನ್ನು ಟಿವಿಯಲ್ಲಿ ನೋಡಿದವರು ಖಂಡಿತ ಇದ್ದಾರೆ.

ಕೊನೆಯ ಪ್ಯಾರಾವನ್ನು 2013ರ ಸಂಭ್ರಮಕ್ಕೆ ನಿಲ್ಲಿಸಬೇಡಿ. 2017ರಲ್ಲಿ 72ನೇ ವಯಸ್ಸಿನಲ್ಲಿ ಮತ್ತೆ ಬಂದರಲ್ಲ, ಡಾರ್ಟ್‌ಮಂಡ್‌ಗಿಂತ 5 ಅಂಕ ಹಿಂದಿದ್ದ ಬಯರ್ನ್ ಕೊನೆಗೆ 21 ಅಂಕಗಳ ಮುನ್ನಡೆಯಿಂದ ಲೀಗ್ ಗೆದ್ದಿತು. ಆದರೆ ಅವರ ಕೊನೆಯ ಪಂದ್ಯ 19 ಮೇ 2018ರ ಜರ್ಮನ್ ಕಪ್ ಫೈನಲ್. ಫ್ರಾಂಕ್‌ಫರ್ಟ್ ಎದುರು 3-1ರಿಂದ ಸೋತರು. ಎದುರಾಳಿ ಕೋಚ್ ನಿಕೋ ಕೊವಾಚ್, ಮುಂದಿನ ಸೀಸನ್‌ಗೆ ಅವರದೇ ಜಾಗಕ್ಕೆ ಬರಲಿದ್ದವರು. ಅಲ್ಲಿಗೆ ತಂದು ಬಿಡಿ, ನಿಮ್ಮ ಅಭಿಪ್ರಾಯ ಸೇರಿಸಬೇಡಿ.

ಉದ್ದದ ಚಿಂತೆ ಬೇಡ, ಈಗಿರುವುದಕ್ಕಿಂತ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ತಿದ್ದಿದ್ದನ್ನು ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿ, ನಾನೇ ಓದುತ್ತೇನೆ. ತಲೆಬರಹವನ್ನು ಆಮೇಲೆ ಇಬ್ಬರೂ ಸೇರಿ ನೋಡೋಣ.